ಜರ್ಮನಿಯ ಟ್ಯೂನರುಗಳು: ಒಂದು ತಾರತಮ್ಯವಿಚಾರ

ರೇಡಿಯೋ ಯಂತ್ರದ ಕಾರ್ಯವನ್ನು ವಿಂಗಡಿಸಿ ನೋಡಿದರೆ ಅದರಲ್ಲಿ ಎರಡು ವ್ಯಾಪಾರಗಳು ಕಂಡುಬರುತ್ತವೆ. ಆಕಾಶದಲ್ಲಿ ಏಕಕಾಲಕ್ಕೆ ಹರಡಿಕೊಂಡಿರುವ ಅನೇಕ ನಿಲಯಗಳ ತರಂಗಗಳೊಳಗಿನಿಂದ ಬೇಕಾದ ಒಂದನ್ನು ಮಾತ್ರ ಆರಿಸಿಕೊಳ್ಳುವುದು ಮೊದಲನೆಯದು. ಆರಿಸಿಕೊಂಡುದನ್ನು ಬಲಪಡಿಸಿ ಕಿವಿಗೆ ಮುಟ್ಟಿಸುವುದು ಎರಡನೆಯದು. ಮನೆಗಳಲ್ಲಿರುವ ಸಾಮಾನ್ಯ ರೇಡಿಯೋದಲ್ಲಿ ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಅಡಕವಾಗಿರುತ್ತವೆ. ಆರಿಸುವ ಭಾಗವನ್ನು ಪ್ರತ್ಯೇಕಿಸಿ ಬೇರೊಂದು ಪೆಟ್ಟಿಗೆಯಲ್ಲಿರಿಸಿ, ಅದನ್ನು ಆಂಪ್ಲಿಫೈಯರಿಗೂ ಸ್ಪೀಕರುಗಳಿಗೂ ಜೋಡಿಸಿಕೊಳ್ಳುವಂತೆ ಮಾಡಿದರೆ ಅದಕ್ಕೆ ಟ್ಯೂನರ್ ಎಂದು ಹೆಸರು. ಟ್ಯೂನರ್ ಎಂದರೆ ಶ್ರುತಿಗೂಡಿಸುವಂಥದು. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಮತ್ತೊಂದು ತಾನಾಗಿಯೇ ಮಿಡಿಯುವುದನ್ನು ವೈಣಿಕರು ಬಲ್ಲರು. ಟ್ಯೂನರಿನ ಗುಂಡಿಯನ್ನು ತಿರುಗಿಸುವವನು ಮಾಡುವುದೂ ಅದನ್ನೇ.

ಈ ಯಂತ್ರಗಳ ತಯಾರಿಕೆಯಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯು ವಿಶೇಷ ಕೀರ್ತಿಯನ್ನು ಪಡೆಯಿತು. ಬ್ರೌನ್, ಸಾಬಾ, ಗ್ರುಂಡಿಗ್, ಟೆಲಿಫುಂಕೆನ್, ಕ್ಲೈನ್ ಮತ್ತು ಹುಮ್ಮೆಲ್ ಮೊದಲಾದವರು ತಯಾರಿಸಿದ ಟ್ಯೂನರುಗಳನ್ನು ಹುಡುಕಿ ಕೊಂಡು, ಒಂದನ್ನೊಂದರ ಪಕ್ಕದಲ್ಲಿರಿಸಿ ಗುಣದೋಷಗಳನ್ನು ತೂಗಿನೋಡುವ ರಸಿಕರು ಇಂದಿಗೂ ಅನೇಕ ದೇಶಗಳಲ್ಲಿ ಇದ್ದಾರೆ. ಆದರೆ ಈ ತೂಗುವಿಕೆಯು ಸಾರ್ಥಕವಾಗಬೇಕಾದರೆ ಆ ಯಂತ್ರಗಳು ಹುಟ್ಟಿದ ಸಂದರ್ಭವನ್ನು ಮೊದಲು ತಿಳಿಯಬೇಕು. ಏಕೆಂದರೆ, ಆರಿಸಿಕೊಳ್ಳುವ ಗುಂಡಿಯು ಒಂದು ಕಾಲದಲ್ಲಿ ಜರ್ಮನಿಯ ಪ್ರಜೆಗೆ ಪ್ರಾಣಾಪಾಯದ ವಸ್ತುವಾಗಿತ್ತು.

ಶಬ್ದವು ಆಕಾಶದ ಗುಣವೆಂದೂ, ಅದು ವೀಚೀತರಂಗನ್ಯಾಯದಿಂದ, ಎಂದರೆ ಕೊಳದಲ್ಲಿ ಅಲೆಯಿಂದ ಅಲೆ ಹುಟ್ಟುವಂತೆ, ಹರಡುವುದೆಂದೂ ನಮ್ಮ ನೈಯಾಯಿಕರು ಹೇಳಿದ್ದರು. ವಿದ್ಯುತ್ತು ಸಹ ಆಕಾಶದಲ್ಲಿ ಅಲೆಯಾಗಿ ಹರಡುವುದೆಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟವನು ಜರ್ಮನಿಯ ಹೈನ್‌ರಿಖ್ ಹರ್ಟ್ಸ್. 1886ರಿಂದ 1888ರವರೆಗೆ ಕಾರ್ಲ್ಸ್‌ರೂಹೆ ನಗರದಲ್ಲಿ ಅವನು ಆ ಪ್ರಯೋಗಗಳನ್ನು ನಡೆಸಿದನು. ತರಂಗಗಳ ಕಂಪನಸಂಖ್ಯೆಯನ್ನು ಇಂದು ಅಳೆಯುವುದು ಅವನ ಹೆಸರಿನ ಮಾನದಿಂದಲೇ. 1903ರಲ್ಲಿ ಸೀಮೆನ್ಸ್ ಮತ್ತು ಎ.ಇ.ಜಿ. ಎಂಬ ಎರಡು ದೊಡ್ಡ ಸಂಸ್ಥೆಗಳು ಕೂಡಿ ಟೆಲಿಫುಂಕೆನ್ ಸಂಸ್ಥೆಯನ್ನು ಸ್ಥಾಪಿಸಿದುವು. 1923ನೆಯ ಅಕ್ಟೋಬರ್ 29ರಂದು ಬರ್ಲಿನ್ನಿನ ಫಾಕ್ಸ್ ಗೃಹದಿಂದ ಸಾರ್ವಜನಿಕ ಪ್ರಸಾರವು ಮೊದಲಾಯಿತು. ಅಲ್ಲಿಗೆ ಹತ್ತು ವರ್ಷ ತುಂಬುವುದರೊಳಗೆ ಆ ದೇಶದ ಆಡಳಿತವು ಹಿಟ್ಲರನ ಕೈಸೇರಿತು; ಪ್ರಸಾರವೂ ಅವನ ಮಂತ್ರಿಯಾದ ಗೋಬೆಲ್ಸನ ವಶವಾಯಿತು.

1933ನೆಯ ಆಗಸ್ಟ್ ತಿಂಗಳಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ವಿ.ಇ. 301 ಎಂಬ ಜನತಾ ರೇಡಿಯೋ ಕಾಣಿಸಿಕೊಂಡಿತು. ಓಟ್ಟೋ ಗ್ರೀಸಿಂಗ್ ಎಂಬ ಎಂಜಿನಿಯರನು ಅದರ ಒಳಗಣ ರಚನೆಯನ್ನೂ, ವಾಲ್ಟರ್ ಮರಿಯಾ ಕೆರ್ಸ್ಟಿಂಗ್ ಎಂಬವನು ಹೊರಗಣ ಪೆಟ್ಟಿಗೆಯನ್ನೂ ರೂಪಿಸಿದ್ದರು. 301 ಎಂಬ ಅಂಕೆಯು ಹಿಟ್ಲರನು ಅಧಿಕಾರಕ್ಕೆ ಬಂದ ಜನವರಿ 30ರ ಸ್ಮರಣೆಗಾಗಿ ಇಟ್ಟದ್ದು. ಬೆಲೆ 76 ಮಾರ್ಕುಗಳು. ದೇಶದ ರೇಡಿಯೋ ತಯಾರಕರು ತಮ್ಮ ತಮ್ಮ ಸ್ವಂತ ನಮೂನೆಗಳ ಜೊತೆಗೆ ಈ ಒಂದೇ ನಮೂನೆಯನ್ನೂ ತಯಾರಿಸಿದರು. 1938ರಲ್ಲಿ 35 ಮಾರ್ಕುಗಳ ಇನ್ನೂ ಚಿಕ್ಕ ಪೆಟ್ಟಿಗೆಯೊಂದು ಬಂದಿತು. ಜನರು ಅದಕ್ಕೆ ಗುಟ್ಟಾಗಿ ಗೋಬೆಲ್ಸನ ಮೂತಿಯೆಂದು ಹೆಸರಿಟ್ಟರು.

ಈ ಯಂತ್ರದಲ್ಲಿ ಕೇಳಿಸುವ ಶಕ್ತಿಯಿತ್ತೇ ಹೊರತು ಆರಿಸುವ ಶಕ್ತಿ ಬಹು ಕಡಮೆ. ಶ್ರುತಿಗೂಡಿಸುವ ಮಂಡಲವು ಒಂದೇ ಒಂದು. ಸಮೀಪದ ಬಲವಾದ ನಿಲಯವನ್ನು ಅದು ಚೆನ್ನಾಗಿ ಹಿಡಿಯುತ್ತಿತ್ತು, ದೂರದ ಮಂದಧ್ವನಿಗಳನ್ನು ಒಂದರಿಂದೊಂದನ್ನು ಬೇರ್ಪಡಿಸಲಾರದಾಗಿತ್ತು. ಇದಕ್ಕೆ ಅಗ್ಗದ ಬೆಲೆಯೂ ಕಾರಣ. ಆದರೆ ಈ ಅಶಕ್ತಿಯು ಆಳುವವರಿಗೆ ಅನುಕೂಲವೇ ಆಗಿತ್ತು. ಆದರೂ ರಾತ್ರಿಯ ಹೊತ್ತು, ಒಳ್ಳೆಯ ಏರಿಯಲ್ ಕಟ್ಟಿ ತಾಳ್ಮೆಯಿಂದ ಗುಂಡಿಯನ್ನು ತಿರುಗಿಸಿದವರಿಗೆ ಲಂಡನ್ ನಿಲಯದ ಮಾತು ಕೇಳಿಬರುತ್ತಿತ್ತು. ಅದಕ್ಕಾಗಿಯೇ 1939ನೆಯ ಸೆಪ್ಟೆಂಬರ್ 1ರಂದು, ಎಂದರೆ ಯುದ್ಧವು ಮೊದಲಾದ ದಿನವೇ, ಪರದೇಶದ ನಿಲಯಗಳನ್ನು ಕೇಳುವುದು ಅಪರಾಧವೆಂಬ ಶಾಸನವು ಹೊರಟಿತು. ಕೇಳಿದವನಿಗೆ ಕಠಿಣ ಸೆರೆವಾಸ. ಕೇಳಿದ್ದನ್ನು ಹರಡಿದವನಿಗೆ ಮರಣದಂಡನೆಯೂ ಆಗಬಹುದಾಗಿತ್ತು. ಈ ಎಚ್ಚರಿಕೆಯನ್ನು ಅಚ್ಚುಹಾಕಿದ ಒಂದು ಸಣ್ಣ ರಟ್ಟಿನ ಚೀಟಿಯನ್ನು, ನಡುವೆ ತೂತು ಕೊರೆದು, ರೇಡಿಯೋದ ಶ್ರುತಿಗುಂಡಿಗೇ ತಗುಲಿಹಾಕುತ್ತಿದ್ದರು. ಗುಂಡಿಯನ್ನು ಹಿಡಿದ ಬೆರಳಿಗೆ ಮೊದಲು ತಾಗುತ್ತಿದ್ದುದು ಆ ಚೀಟಿ.

1945ರಲ್ಲಿ ಜರ್ಮನಿಯು ಸೋತಿತು. ಗೆದ್ದ ನಾಲ್ಕು ರಾಜ್ಯಗಳು ಅದನ್ನು ಹಂಚಿಕೊಂಡು ಆಳತೊಡಗಿದುವು. ಪಶ್ಚಿಮ ಭಾಗದಲ್ಲಿ ಪ್ರಸಾರವು ಮತ್ತೆ ಒಂದೇ ಸರಕಾರದ ಕೈಗೆ ಹೋಗಬಾರದೆಂದು ನಿಶ್ಚಯಿಸಿ ಪ್ರಾಂತಪ್ರಾಂತಕ್ಕೆ ಸ್ವತಂತ್ರವಾದ ಸಂಸ್ಥೆಗಳನ್ನು ಏರ್ಪಡಿಸಿದರು. ಹೀಗೆ ಬಾಯಿಗಳೇನೋ ಹಲವಾದುವು. ಆದರೆ ಮಾತನಾಡಲು ಸ್ಥಳವಿರಲಿಲ್ಲ. 1948ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಯೂರೋಪಿನ ರಾಜ್ಯಗಳು ಸೇರಿ ಮಧ್ಯಮ ತರಂಗದ ಸ್ಥಾನಗಳನ್ನು ತಮ್ಮೊಳಗೆ ಹಂಚಿಕೊಂಡಾಗ ಸೋತ ಜರ್ಮನಿಯ ಪಾಲಿಗೆ ಬಂದುವು ಬಹು ಕೆಲವು, ಅವೂ ಕೆಳದರ್ಜೆಯವು. ಆ ಹಂಚಿಕೆಯು 1950ನೆಯ ಮಾರ್ಚ್ 15ರಿಂದ ಜಾರಿಗೆ ಬರುವುದಿತ್ತು. ಅಷ್ಟರೊಳಗೆ ಬೇರೆ ಹಾದಿಯನ್ನು ಹುಡುಕದಿದ್ದರೆ ಜರ್ಮನಿಯ ಶ್ರೋತೃಗಳಿಗೆ ಮೌನವೇ ಗತಿಯಾಗುತ್ತಿತ್ತು.

ಆ ಬೇರೆ ಹಾದಿಯೇ ಎಫ್.ಎಂ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗನು ಇದಕ್ಕೆ 1933ರಲ್ಲಿ, ಎಂದರೆ ವಿ.ಇ. 301 ಹೊರಬಂದ ವರ್ಷದಲ್ಲಿಯೇ, ಪೇಟೆಂಟುಗಳನ್ನು ಪಡೆದಿದ್ದನು. ಮಧ್ಯಮ ತರಂಗದ ಪದ್ಧತಿಯಲ್ಲಿ ಧ್ವನಿಗೆ ತಕ್ಕಂತೆ ಅಲೆಯ ಎತ್ತರವು ಹೆಚ್ಚು ಕಡಮೆಯಾಗುತ್ತದೆ. ಸಿಡಿಲು ಮಿಂಚುಗಳೂ ವಿದ್ಯುದ್ಯಂತ್ರಗಳೂ ಕೆಡಿಸುವುದು ಮುಖ್ಯವಾಗಿ ಅಲೆಯ ಎತ್ತರವನ್ನೇ. ಆದಕಾರಣ ಗೊರಗೊರ ಸದ್ದು ಸಂಗೀತದೊಡನೆ ಸೇರಿಯೇ ಬರುತ್ತದೆ. ಎಫ್.ಎಂ. ಪದ್ಧತಿಯಲ್ಲಿ ಎತ್ತರವು ಸ್ಥಿರ. ಕಂಪನದ ವೇಗವು ಮಾತ್ರ ಧ್ವನಿಗೆ ತಕ್ಕಂತೆ ಬದಲಾಗುತ್ತದೆ. ಎತ್ತರದಲ್ಲಿ ಬಂದ ಕೆಡಕನ್ನು ಗ್ರಾಹಕಯಂತ್ರವು ಕತ್ತರಿಸಿಹಾಕಬಲ್ಲುದು. ಅಲ್ಲದೆ ಯೂರೋಪಿನ ಮಧ್ಯಮ ತರಂಗದಲ್ಲಿ ಎರಡು ನಿಲಯಗಳ ನಡುವೆ 9 ಕಿಲೋಹರ್ಟ್ಸ್‌ಗಳಷ್ಟೇ ಅಂತರವಿದ್ದುದರಿಂದ ಸುಮಾರು 4,500 ಹರ್ಟ್ಸ್‌ಗಳ ಮೇಲಿನ ಸ್ವರಾಂಶಗಳು ನಷ್ಟವಾಗುತ್ತಿದ್ದುವು. ಎಫ್.ಎಂ. 15,000ದವರೆಗೆ ಒಯ್ಯಬಲ್ಲುದು. ಪಿಟೀಲಿನ ಕಮಾನು ತಂತಿಯನ್ನು ಸವರುವ ಸೂಕ್ಷ್ಮಧ್ವನಿಯೂ, ತಾಳದ ಝಣತ್ಕಾರವೂ ಇದರಲ್ಲಿ ಉಳಿಯುತ್ತವೆ.

ವಾಯವ್ಯ ಜರ್ಮನ್ ಪ್ರಸಾರಸಂಸ್ಥೆಯ ತಾಂತ್ರಿಕ ನಿರ್ದೇಶಕನಾಗಿದ್ದ ವೆರ್ನರ್ ನೆಸ್ಟೆಲ್ ಈ ಹಾದಿಯ ಮುಖ್ಯ ಪ್ರತಿಪಾದಕನು. 1949ನೆಯ ಫೆಬ್ರವರಿ 28ರಂದು ಮ್ಯೂನಿಕ್ಕಿನಲ್ಲಿಯೂ ಮರುದಿನ ಹ್ಯಾನೋವರಿನಲ್ಲಿಯೂ ಎಫ್.ಎಂ. ಪ್ರಸಾರವು ಮೊದಲಾಯಿತು. ಅದೇ ವರ್ಷ ಮ್ಯೂನಿಕ್ಕಿನ ಪ್ರಸಾರಸಂಸ್ಥೆಯು ಓಯ್ಗೆನ್ ಯೋಖುಮ್ ಎಂಬ ವಾದ್ಯಗೋಷ್ಠಿ ನಿರ್ದೇಶಕನ ನೇತೃತ್ವದಲ್ಲಿ ತನ್ನದೇ ಆದ ವಾದ್ಯಗೋಷ್ಠಿಯನ್ನು ಕಟ್ಟಿತು. ಒಳ್ಳೆಯ ಸಂಗೀತವೂ ಅದನ್ನು ಕೆಡದಂತೆ ಒಯ್ಯುವ ವಾಹನವೂ ಒಂದೇ ಊರಿನಲ್ಲಿ ಒಂದೇ ವರ್ಷದಲ್ಲಿ ದೊರೆತುವು. ಇದರ ವಿಶೇಷವನ್ನು ಅರಿಯಲು ನಮ್ಮ ದೇಶದ ಸ್ಥಿತಿಯನ್ನು ಹೋಲಿಸಿ ನೋಡಬಹುದು. 1950ನೆಯ ಜನವರಿ 8ರಂದು ಆರಂಭವಾದ ಧಾರವಾಡದ ನಿಲಯವು ಮಧ್ಯಮ ತರಂಗದ್ದು, ಭಾರತದಲ್ಲಿ ಎಫ್.ಎಂ. ಮೊದಲಾದುದು 1977ರಲ್ಲಿ, ಮದರಾಸಿನಲ್ಲಿ. ದೂರದೂರದ ಹಳ್ಳಿಗಳನ್ನು ಮುಟ್ಟಬೇಕಾದ ವಿಶಾಲ ದೇಶಕ್ಕೆ ಮಧ್ಯಮ ತರಂಗವೇ ತಕ್ಕುದಾಗಿತ್ತು. ಎಫ್.ಎಂ. ತರಂಗವು ದಿಗಂತವನ್ನು ದಾಟಿ ಹೆಚ್ಚು ದೂರ ಹೋಗಲಾರದು. ಬೆಟ್ಟಬೆಟ್ಟಕ್ಕೂ ಪ್ರಸಾರಕಂಬವನ್ನು ನಿಲ್ಲಿಸಬೇಕು. ಜರ್ಮನಿಯು ಆ ವೆಚ್ಚಕ್ಕೆ ಒಡ್ಡಿಕೊಂಡುದು ಇಷ್ಟದಿಂದಲ್ಲ, ನಿರುಪಾಯದಿಂದ. ಸೋಲಿನ ಫಲವಾಗಿ ಬಂದ ಈ ಕೊರತೆಯೇ ಯೂರೋಪಿನಲ್ಲಿ ಎಫ್.ಎಂ. ವಿಷಯದಲ್ಲಿ ಆ ದೇಶವನ್ನು ಮುಂದೆ ನಿಲ್ಲಿಸಿತು.

ಪ್ರಸಾರವಾದ ಮೇಲೆ ಗ್ರಾಹಕಯಂತ್ರಗಳು ಬೇಕಷ್ಟೆ. ಫ್ಯೂರ್ತ್ ಎಂಬ ಊರಿನ ಮಾಕ್ಸ್ ಗ್ರುಂಡಿಗ್ ಎಂಬ ವರ್ತಕನು 1946ರಲ್ಲಿಯೇ ಒಂದು ಜಾಣತನವನ್ನು ತೋರಿದ್ದನು. ಆಗ ರೇಡಿಯೋ ಕೊಳ್ಳಲು ಪರವಾನಗಿ ಬೇಕಾಗಿತ್ತು. ಗ್ರುಂಡಿಗನು ವಾಲ್ವುಗಳಿಲ್ಲದ ಬಿಡಿಭಾಗಗಳ ಕಟ್ಟನ್ನು ಹೈನ್ಸೆಲ್‌ಮನ್ ಎಂಬ ಹೆಸರಿನಿಂದ ಮಾರಿದನು. ಕೊಂಡವರು ತಾವೇ ಜೋಡಿಸಿ, ವಾಲ್ವುಗಳನ್ನು ಬೇರೆ ಕಡೆಯಿಂದ ಸಂಪಾದಿಸಿಕೊಂಡರು. ವಾಲ್ವಿಲ್ಲದುದು ರೇಡಿಯೋ ಆಗಲಾರದೆಂಬ ಕಾರಣದಿಂದ ಕಾನೂನಿಗೂ ಭಂಗವಾಗಲಿಲ್ಲ. ಈ ಬುನಾದಿಯ ಮೇಲೆ ಬೆಳೆದ ಗ್ರುಂಡಿಗ್ ಸಂಸ್ಥೆಯು ಒಳ್ಳೆಯ ಗ್ರಾಹಕಯಂತ್ರವನ್ನು ಸಾಮಾನ್ಯ ಗೃಹಸ್ಥನ ಕೈಗೆಟಕುವಂತೆ ಮಾಡಿತು. ಅದರ ಟ್ಯೂನರುಗಳ ಪ್ರಧಾನ ಗುಣವೂ ಇದೇ: ಅತಿಶಯವಲ್ಲದ ಬೆಲೆ, ಅತಿಶಯವಲ್ಲದ ರೂಪ, ನಂಬಬಹುದಾದ ನಡತೆ.

ಸಾಬಾ ಸಂಸ್ಥೆಯ ಮಾರ್ಗವು ಬೇರೆ. 1835ರಲ್ಲಿ ಗಡಿಯಾರದ ಕೆಲಸದಿಂದ ಮೊದಲಾದ ಈ ಮನೆತನದ ಉದ್ಯಮವು ಕಪ್ಪು ಅರಣ್ಯಪ್ರಾಂತದ ಫಿಲ್ಲಿಂಗೆನ್ ಊರಿನಲ್ಲಿ ನೆಲೆಗೊಂಡಿತ್ತು. 1950ರ ದಶಕದ ಫ್ರೈಬುರ್ಗ್ ಆಟೋಮ್ಯಾಟಿಕ್ ಎಂಬ ರೇಡಿಯೋದಲ್ಲಿ ಗಡಿಯಾರ ಮಾಡುವವರ ಬುದ್ಧಿಯು ಸ್ಪಷ್ಟವಾಗಿ ಕಾಣುತ್ತದೆ. ಕೀಲಿಯೊಂದನ್ನು ಒತ್ತಿದರೆ ಒಳಗಿನ ಮೋಟಾರು ತಾನೇ ಸೂಚಿಯನ್ನು ಓಡಿಸಿ, ನಿಲಯವನ್ನು ಕಂಡಲ್ಲಿ ನಿಂತು, ಶ್ರುತಿಯನ್ನು ನಿಷ್ಕೃಷ್ಟವಾಗಿ ಸರಿಪಡಿಸಿಕೊಳ್ಳುತ್ತಿತ್ತು. ಇದು ಟ್ಯೂನರಲ್ಲ, ಪೂರ್ಣ ರೇಡಿಯೋ. ಆದರೂ ಆರಿಸುವ ಭಾಗಕ್ಕೆ ಇಷ್ಟು ಗಮನವನ್ನು ಕೊಟ್ಟ ಗೃಹಯಂತ್ರಗಳು ವಿರಳ. ಈ ಮನೆತನದ ಹಾನ್ಸ್ ಗೇಓರ್ಗ್ ಬ್ರುನ್ನರ್-ಶ್ವೇರ್ ಸ್ವತಃ ಧ್ವನಿಮುದ್ರಣದಲ್ಲಿ ನಿಪುಣನಾಗಿದ್ದು, ಆಸ್ಕರ್ ಪೀಟರ್ಸನ್ನನಂತಹ ಪಿಯಾನೋ ವಾದಕನನ್ನು ಫಿಲ್ಲಿಂಗೆನ್ನಿನ ತನ್ನ ಮನೆಗೆ ಕರೆಸಿ ನುಡಿಸಿ ಮುದ್ರಿಸಿಕೊಂಡನು. ನಿಜವಾದ ವಾದ್ಯದ ನಾದವನ್ನು ಮನೆಯಲ್ಲಿಯೇ ಕೇಳುತ್ತಿದ್ದ ಮನೆತನವದು.

ಬ್ರೌನ್ ಸಂಸ್ಥೆಯನ್ನು 1921ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಮಾಕ್ಸ್ ಬ್ರೌನ್ ಸ್ಥಾಪಿಸಿದನು. 1951ರಲ್ಲಿ ಅವನು ತೀರಿಕೊಂಡ ಮೇಲೆ ಮಕ್ಕಳಾದ ಆರ್ಟುರ್ ಮತ್ತು ಎರ್ವಿನ್ ಉದ್ಯಮವನ್ನು ವಹಿಸಿಕೊಂಡು, ಉಲ್ಮ್ ನಗರದ ವಿನ್ಯಾಸಶಾಲೆಯ ಹಾನ್ಸ್ ಗೂಗೆಲೋಟ್ ಮೊದಲಾದವರ ಸಹಾಯದಿಂದ 1955ರಲ್ಲಿ ಹೊಸ ರೂಪದ ರೇಡಿಯೋಗಳನ್ನು ಜನರ ಮುಂದಿಟ್ಟರು. ಅಂದಿನವರೆಗೆ ಜರ್ಮನಿಯ ರೇಡಿಯೋಗಳು ಮೆರುಗಿನ ಮರ, ಹೊಂಬಣ್ಣದ ಅಂಚು, ಜರತಾರಿಯಂತಹ ಬಟ್ಟೆ ಇವುಗಳಿಂದ ಅಲಂಕೃತವಾಗಿದ್ದುವು. ಬ್ರೌನ್ ಈ ಆಭರಣಗಳನ್ನೆಲ್ಲ ಕಳಚಿಹಾಕಿತು. 1959ರಲ್ಲಿ ಡೀಟರ್ ರಾಮ್ಸ್ ರೂಪಿಸಿದ ಸ್ಟುಡಿಯೋ 2 ಎಂಬ ಸಮುಚ್ಚಯದಲ್ಲಿ ಟ್ಯೂನರು ಸ್ವತಂತ್ರವಾದ ಒಂದು ಅಂಗವಾಯಿತು, ಸಿ.ಇ. 11 ಎಂಬುದು ಅದರ ಹೆಸರು. ತಿಳಿಬಣ್ಣದ ಲೋಹದ ಪೆಟ್ಟಿಗೆ, ಮುಂಭಾಗದಲ್ಲಿ ಅಳತೆಪಟ್ಟಿ, ಗುಂಡಿಗಳು, ಅಷ್ಟೇ. 1965ರ ಸುಮಾರಿಗೆ ಬಂದ ಸಿ.ಇ. 1000 ಇದೇ ಸಂಪ್ರದಾಯದ ಪ್ರೌಢಾವಸ್ಥೆ. ಇವುಗಳನ್ನು ನೋಡಿದವರಿಗೆ ಯಾವುದು ಏನು ಮಾಡುತ್ತದೆಂಬುದು ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಗುಂಡಿಗೆ ಬೆದರಿಕೆಯ ಚೀಟಿಯನ್ನು ತೂಗಿಸಿದ್ದ ದೇಶದಲ್ಲಿ, ಇಪ್ಪತ್ತು ವರ್ಷಗಳ ತರುವಾಯ, ಗುಂಡಿಯು ತಾನೇ ಕೈಯನ್ನು ಕರೆಯುವಂತಾದುದು ಸಣ್ಣ ಮಾತಲ್ಲ.

1963ನೆಯ ಆಗಸ್ಟ್ 30ರಂದು ಬರ್ಲಿನ್ನಿನಲ್ಲಿ ಸ್ಟೀರಿಯೋ ಪ್ರಸಾರವು ಮೊದಲಾಯಿತು. ಎಡಬಲಗಳ ಮೊತ್ತವನ್ನು ಮೂಲಸ್ಥಾನದಲ್ಲಿಯೂ, ಅವುಗಳ ವ್ಯತ್ಯಾಸವನ್ನು 38 ಕಿಲೋಹರ್ಟ್ಸ್‌ಗಳ ಮೇಲೆಯೂ ಇರಿಸಿ, 19 ಕಿಲೋಹರ್ಟ್ಸ್‌ಗಳ ಒಂದು ಸಂಕೇತನಾದದಿಂದ ದಾರಿ ತೋರಿಸುವುದು ಇದರ ಕ್ರಮ. ಇದರಿಂದ ನಾದಕ್ಕೆ ವಿಸ್ತಾರ ಬಂದಿತು; ಆದರೆ ದುರ್ಬಲವಾದ ಸಂಕೇತದಲ್ಲಿ ಗೊರಗೊರವು 20 ಡೆಸಿಬೆಲ್‌ಗಳಷ್ಟು ಹೆಚ್ಚಿತು. ಟ್ಯೂನರುಗಳ ನಿಜವಾದ ಪರೀಕ್ಷೆಯು ಇಲ್ಲಿಂದ ಮೊದಲಾಯಿತೆನ್ನಬಹುದು. ಹೈ-ಫೈ, ಎಂದರೆ ಮೂಲಧ್ವನಿಗೆ ನಿಷ್ಠೆ, ಎಂಬ ಮಾತನ್ನು ಯಾರು ಬೇಕಾದರೂ ಬಳಸಬಾರದೆಂದು 1966ರಲ್ಲಿ ಡಿನ್ 45500 ಎಂಬ ಮಾನದಂಡವು ಕನಿಷ್ಠ ಅರ್ಹತೆಗಳನ್ನು ಗೊತ್ತುಪಡಿಸಿತು. ಆರಂಭದಲ್ಲಿ ಇದು ಸದುದ್ದೇಶವೇ. ಕ್ರಮೇಣ ತಯಾರಿಕೆಯು ಮುಂದುವರಿದಂತೆ, ಮಾನದಂಡವು ಹಿಂದೆಯೇ ಉಳಿದು, ಸಾಧಾರಣವಾದ ಯಂತ್ರವೂ ಆ ಬಿರುದನ್ನು ಧರಿಸುವಂತಾಯಿತು. ಕನಿಷ್ಠವನ್ನು ಮುಟ್ಟಿದವನು ಉತ್ತಮನೆನಿಸಿಕೊಳ್ಳುವುದು ವಿದ್ಯಾಶಾಲೆಗಳಲ್ಲಿಯೂ ಕಾಣದ ವಿಷಯವಲ್ಲ.

ಈ ಕನಿಷ್ಠದಿಂದ ತೃಪ್ತರಾಗದವರಲ್ಲಿ ಕ್ಲೈನ್ ಮತ್ತು ಹುಮ್ಮೆಲ್ ಗಣ್ಯರು. 1945ರಲ್ಲಿ ಮೊದಲಾದ ಸ್ಟುಟ್‌ಗಾರ್ಟ್ ಪ್ರಾಂತದ ಈ ಚಿಕ್ಕ ಸಂಸ್ಥೆಯು ಪ್ರಸಾರಶಾಲೆಗಳೊಳಗಿನ ಸ್ಪೀಕರುಗಳಿಗೆ ಪ್ರಸಿದ್ಧವಾದುದು. ನಿಲಯದೊಳಗೆ ಕುಳಿತ ಎಂಜಿನಿಯರನು ಕೇಳುವುದನ್ನೇ ಮನೆಯಲ್ಲಿ ಕುಳಿತ ಶ್ರೋತೃವೂ ಕೇಳಬೇಕೆಂಬುದು ಅವರ ದೃಷ್ಟಿ. 1970ರ ದಶಕದ ಅವರ ಎಫ್.ಎಂ. 2002 ಎಂಬ ಟ್ಯೂನರನ್ನು ಬಲ್ಲವರು ಇಂದಿಗೂ ಆದರದಿಂದ ಸ್ಮರಿಸುತ್ತಾರೆ. ಟೆಲಿಫುಂಕೆನ್ ಸಂಸ್ಥೆಯಾದರೋ ಪ್ರಸಾರಯಂತ್ರದಿಂದ ವಾಲ್ವಿನವರೆಗೆ ಎಲ್ಲವನ್ನೂ ತಾನೇ ಮಾಡುತ್ತಿದ್ದ ಹಿರಿಯ ಮನೆ; ಅದರ ಯಂತ್ರಗಳಲ್ಲಿ ಸಾಹಸಕ್ಕಿಂತ ಗಾಂಭೀರ್ಯ ಹೆಚ್ಚು.

ಇನ್ನು ಇವುಗಳ ತಾರತಮ್ಯವನ್ನು ನಿರ್ಣಯಿಸುವ ಬಗೆ. ಇಲ್ಲಿ ಅನೇಕರು ಬರಿಯ ಅಂಕೆಗಳಿಗೆ ಮರುಳಾಗುತ್ತಾರೆ. ಎಷ್ಟು ದುರ್ಬಲವಾದ ಸಂಕೇತವನ್ನು ಹಿಡಿಯಬಲ್ಲುದೆಂಬುದನ್ನು ಮೈಕ್ರೋವೋಲ್ಟುಗಳಲ್ಲಿ ಹೇಳುತ್ತಾರೆ. ಆದರೆ 75 ಓಮಿನ ಏರಿಯಲ್ಲಿನಲ್ಲಿ ಅಳೆದ ಅಂಕೆಯು, ಅದೇ ಶಕ್ತಿಗೆ 300 ಓಮಿನಲ್ಲಿ ಅಳೆದಾಗ ಎರಡರಷ್ಟಾಗುತ್ತದೆ. ಯಂತ್ರವು ಮಾತ್ರ ಅದೇ. ಪಕ್ಕದ ನಿಲಯವನ್ನು ದೂರವಿಡುವ ಶಕ್ತಿಯನ್ನು ಜರ್ಮನರು 300 ಕಿಲೋಹರ್ಟ್ಸ್‌ಗಳ ಅಂತರದಲ್ಲಿಯೂ ಅಮೆರಿಕದವರು 400 ಕಿಲೋಹರ್ಟ್ಸ್‌ಗಳ ಅಂತರದಲ್ಲಿಯೂ ಅಳೆದರು. ಅಮೆರಿಕದ ಪರೀಕ್ಷೆಯು ಸುಲಭವಾದುದರಿಂದ ಅಲ್ಲಿಯ ಅಂಕೆಯು ದೊಡ್ಡದಾಗಿ ತೋರುವುದು. ಅಳತೆಗೋಲು ಬೇರೆಯಾದರೆ ಹೋಲಿಕೆಯು ವ್ಯರ್ಥ. ಅಲ್ಲದೆ ಐವತ್ತು ಅರವತ್ತು ವರ್ಷಗಳ ಯಂತ್ರಗಳಲ್ಲಿ ಕೆಪಾಸಿಟರುಗಳು ಒಣಗಿ, ಶ್ರುತಿಮಂಡಲಗಳು ಸರಿದುಹೋಗಿರುತ್ತವೆ. ಒಂದೇ ನಮೂನೆಯ ಎರಡು ಯಂತ್ರಗಳು ಇಂದು ಒಂದೇ ರೀತಿ ನುಡಿಯುವುದಿಲ್ಲ. ದುರಸ್ತಿಯಿಲ್ಲದ ಬ್ರೌನನ್ನು ದುರಸ್ತಿಯಾದ ಸಾಬಾದೊಡನೆ ಹೋಲಿಸಿ ತೀರ್ಪು ಕೊಡುವುದು, ಜ್ವರ ಹಿಡಿದ ಗಾಯಕನನ್ನು ಸ್ವಸ್ಥನೊಡನೆ ಪಂದ್ಯಕ್ಕೆ ನಿಲ್ಲಿಸಿದಂತೆ.

ಅಂಕೆಗಳ ಹಿಂದೆ ಇರುವ ಮೂಲಪ್ರಶ್ನೆಯು ಒಂದೇ. ಟ್ಯೂನರಿನೊಳಗಿನ ಜರಡಿಯ ಕಿಂಡಿಯು ಅಗಲವಾಗಿದ್ದರೆ ಸಂಗೀತವು ಅಖಂಡವಾಗಿ ಬರುತ್ತದೆ. ಆದರೆ ನೆರೆಯ ನಿಲಯವೂ ಅದರೊಡನೆ ನುಸುಳುತ್ತದೆ. ಕಿರಿದಾಗಿದ್ದರೆ ನೆರೆಯವನು ಹೊರಗುಳಿಯುತ್ತಾನೆ. ಆದರೆ ಸಂಗೀತದ ಅಂಚೂ ಸವೆದು ವಿಕೃತವಾಗುತ್ತದೆ. ಹಾಲನ್ನು ಪೂರ್ತಿಯಾಗಿ ಉಳಿಸಿಕೊಂಡು ನೀರನ್ನು ಪೂರ್ತಿಯಾಗಿ ಬಿಡುವ ಹಂಸದ ನ್ಯಾಯವನ್ನು ಯಾವ ಯಂತ್ರವೂ ಸಾಧಿಸಲಿಲ್ಲ. ಪ್ರತಿಯೊಬ್ಬ ತಯಾರಕನೂ ಎಲ್ಲಿಯೋ ಒಂದು ಕಡೆ ರಾಜಿ ಮಾಡಿಕೊಂಡನು. ಆ ರಾಜಿಯಲ್ಲಿಯೇ ಅವನ ಸ್ವಭಾವವು ವ್ಯಕ್ತವಾಗುತ್ತದೆ. ಸುಲಭವಾಗಿ ಆರಿಸುವಂತೆ ಮಾಡಿದುದರಲ್ಲಿ ಸಾಬಾ ಮೇಲು. ಆರಿಸುವ ಕ್ರಿಯೆಯನ್ನು ಕಣ್ಣಿಗೂ ಕೈಗೂ ಸ್ಪಷ್ಟಪಡಿಸಿದುದರಲ್ಲಿ ಬ್ರೌನ್ ಮೇಲು. ಬಹುಜನರಿಗೆ ಅದನ್ನು ತಲುಪಿಸಿದುದರಲ್ಲಿ ಗ್ರುಂಡಿಗ್ ಮೇಲು. ಆರಿಸಿದುದನ್ನು ಕೂಡಿದಮಟ್ಟಿಗೆ ಇದ್ದಂತೆಯೇ ಒಪ್ಪಿಸುವ ನಿಷ್ಠೆಯಲ್ಲಿ ಕ್ಲೈನ್ ಮತ್ತು ಹುಮ್ಮೆಲ್ ಮೇಲು. ಟ್ಯೂನರಿನ ಮುಖ್ಯಧರ್ಮವು ನಿಷ್ಠೆಯೇ ಆದುದರಿಂದ ಕಡೆಯದಕ್ಕೆ ಅಗ್ರಸ್ಥಾನವನ್ನು ಕೊಡುವುದು ನ್ಯಾಯ. ಆದರೆ ನಾಲ್ಕರಲ್ಲಿ ಇತಿಹಾಸದ ಋಣವು ಹೆಚ್ಚಾಗಿ ಸಲ್ಲಬೇಕಾದುದು ಗ್ರುಂಡಿಗನಿಗೆ. ಕೆಲವರ ಮನೆಯಲ್ಲಿ ಮಾತ್ರ ಇರುವ ಉತ್ತಮವಸ್ತುವು ಒಂದು ಜನಾಂಗದ ಕಿವಿಯನ್ನು ತಿದ್ದಲಾರದು.

ಈ ಸಂಸ್ಥೆಗಳ ಉತ್ತರಕಥೆಯು ವಿಷಾದಕರ. ಬ್ರೌನ್ 1967ರಲ್ಲಿ ಅಮೆರಿಕದ ಜಿಲೆಟ್ ಸಂಸ್ಥೆಯ ವಶವಾಗಿ, 1990ರ ಸುಮಾರಿಗೆ ಈ ವಿಧದ ಯಂತ್ರಗಳನ್ನೇ ನಿಲ್ಲಿಸಿತು. ಸಾಬಾ 1968ರಲ್ಲಿ ಅಮೆರಿಕದವರಿಗೂ 1980ರಲ್ಲಿ ಫ್ರಾನ್ಸಿನವರಿಗೂ ಹೋಯಿತು. ಗ್ರುಂಡಿಗ್ 2003ರಲ್ಲಿ ದಿವಾಳಿಯಾಯಿತು. ಕ್ಲೈನ್ ಮತ್ತು ಹುಮ್ಮೆಲ್ 2005ರಲ್ಲಿ ಸೆನ್‌ಹೈಸರ್ ಸಂಸ್ಥೆಯಲ್ಲಿ ಲೀನವಾಯಿತು. ಜಪಾನಿನ ಅಗ್ಗವಾದ, ಗುಣದಲ್ಲಿಯೂ ಕಡಮೆಯಲ್ಲದ ಯಂತ್ರಗಳ ಸ್ಪರ್ಧೆಯು ಇದಕ್ಕೆ ಮುಖ್ಯ ಕಾರಣ. ಪ್ರಸಾರದ ಸ್ಥಿತಿಯೂ ಬದಲಾಯಿತು. 1984ರಿಂದ ಖಾಸಗಿ ನಿಲಯಗಳು ತಲೆಯೆತ್ತಿ ಎಫ್.ಎಂ. ಪಟ್ಟಿಯು ಕಿಕ್ಕಿರಿಯಿತು. 2015ರ ಕೊನೆಗೆ ಜರ್ಮನಿಯ ರಾಷ್ಟ್ರೀಯ ನಿಲಯವು ತನ್ನ ಮಧ್ಯಮ ತರಂಗವನ್ನು ಮುಚ್ಚಿತು. ನಾರ್ವೇ ದೇಶವು 2017ರಲ್ಲಿ ತನ್ನ ರಾಷ್ಟ್ರೀಯ ನಿಲಯಗಳ ಎಫ್.ಎಂ. ಪ್ರಸಾರವನ್ನೇ ನಿಲ್ಲಿಸಿ ಡಿಜಿಟಲ್ ಪದ್ಧತಿಗೆ ಹೋಯಿತು. ಆ ಪದ್ಧತಿಯ ಮಾತನ್ನು ಹಳೆಯ ಟ್ಯೂನರು ಅರಿಯದು. ಎಫ್.ಎಂ. ಪ್ರಸಾರವು ನಿಂತ ಕಡೆ ಸಿ.ಇ. 11ರಂತಹ ಯಂತ್ರವು ದುರಸ್ತಿಯಲ್ಲಿದ್ದರೂ ಮೂಕವಾಗಿರುವುದು.

ಈಗ ಆರಿಸುವ ಕಾರ್ಯವನ್ನು ಅನೇಕ ಮನೆಗಳಲ್ಲಿ ಗುಂಡಿಯಾಗಲಿ ಬೆರಳಾಗಲಿ ಮಾಡುವುದಿಲ್ಲ. ಕೇಳುಗನ ಹಿಂದಿನ ಅಭ್ಯಾಸವನ್ನು ಲೆಕ್ಕಹಾಕಿ ಗಣಕಯಂತ್ರವೇ ಮುಂದಿನ ಹಾಡನ್ನು ಒದಗಿಸುತ್ತದೆ. ಇದರಲ್ಲಿ ಬಲಾತ್ಕಾರವಿಲ್ಲ, ದಂಡನೆಯಿಲ್ಲ. 1939ರ ಚೀಟಿಗೂ ಇದಕ್ಕೂ ಸಾಮ್ಯವನ್ನು ಕಲ್ಪಿಸುವುದು ಅನ್ಯಾಯವಾದೀತು. ಆದರೆ ಗುಂಡಿಯನ್ನು ತಿರುಗಿಸುವಾಗ ಬೇಡದೆಯೇ ಕಿವಿಗೆ ಬೀಳುತ್ತಿದ್ದ ನೆರೆಯೂರಿನ ಮಾತು, ಪರಿಚಯವಿಲ್ಲದ ವಾದ್ಯ, ಅರ್ಥವಾಗದ ಭಾಷೆ, ಇವು ಹೊಸ ಕ್ರಮದಲ್ಲಿ ಅಪರೂಪವಾದುವು. ಹಳೆಯ ಜರ್ಮನ್ ಟ್ಯೂನರುಗಳನ್ನು ಜೋಪಾನವಾಗಿ ದುರಸ್ತಿಮಾಡಿ ಇಟ್ಟುಕೊಂಡಿರುವವರು ರಕ್ಷಿಸುತ್ತಿರುವುದು ಆ ಯಂತ್ರಗಳ ನಾದವನ್ನಷ್ಟೇ ಅಲ್ಲ, ತಾನೇ ಹುಡುಕಿ ತಾನೇ ಆರಿಸಿಕೊಳ್ಳುವ ಅಭ್ಯಾಸವನ್ನು ಕೂಡ. ಅದಕ್ಕಾಗಿ ಒಂದು ಜನಾಂಗವು ಎಷ್ಟು ಬೆಲೆ ತೆತ್ತಿತೆಂಬುದನ್ನು ಬಲ್ಲವರು ಅವರ ಶ್ರಮವನ್ನು ಬರಿಯ ಹವ್ಯಾಸವೆಂದು ತಳ್ಳಿಹಾಕಲಾರರು.